ಹಾಲು ಕರೆದ ಹಾಗೆ ಹಿಡಿಯುವ ಬ್ರೇಕು

ಕಾದ ಬ್ರೇಕಿನ ವಾಸನೆ ಮೂಗಿಗೆ ಬಡಿದ ಕೂಡಲೇ ಅಣ್ಣ ನೆನಪಾದ. ಹೋದ ವಾರ ಸಾಗರದಿಂದ ಹೊಸನಗರಕ್ಕೆ ಬರುವಾಗ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಗಾಬರಿಯಲ್ಲಿ ಹೊಸ ಬೈಕಿನ ಬ್ರೇಕನ್ನು ಇದ್ದ ಬಲವೆಲ್ಲ ಹಾಕಿ ಹಿಡಿದುಬಿಟ್ಟೆ. ಬೀಳಲಿಲ್ಲ. ಲಿವರ್ ಬೆರಳ ಕೆಳಗೆ ಟಕಟಕ ಮಿಡಿಯಿತು, ಗಾಡಿ ನೆಟ್ಟಗೆ ಹೋಗಿ ನಿಂತಿತು. ಆ ಮಿಡಿತವನ್ನು ಅಣ್ಣ ಎಷ್ಟೋ ವರ್ಷ ಮೊದಲೇ ಕೈಯಲ್ಲಿ ಮಾಡಿ ತೋರಿಸುತ್ತಿದ್ದ...

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಅವನ ತಗಡಿನ ಗ್ಯಾರೇಜಿತ್ತು. ಅವನು ಓದಿದ್ದು ನಾಲ್ಕನೇ ಕ್ಲಾಸು, ನಾನು ಏಳು. ಆಗ ಊರಿನ ಗಾಡಿಗಳಿಗೆಲ್ಲ ಡ್ರಮ್ ಬ್ರೇಕು. ಸವೆದ ಲೈನರ್ ಬದಲಿಸಿ ದುಡ್ಡು ತೆಗೆದುಕೊಂಡರೆ ಉಳಿದ ಮೆಕ್ಯಾನಿಕ್‌ಗಳ ಕೆಲಸ ಮುಗಿಯಿತು. ಅಣ್ಣ ಹಾಗೆ ಬಿಡುತ್ತಿರಲಿಲ್ಲ. ಅಂಗಳಕ್ಕೆ ಎರಡು ಕೊಡ ನೀರು ಸುರಿದು ಕೆಸರು ಮಾಡಿ, ಗಿರಾಕಿಯೇ ಅದರ ಮೇಲೆ ಗಾಡಿ ಓಡಿಸಿ ಬ್ರೇಕ್ ಹಿಡಿಯಬೇಕು. ಚಕ್ರ ತಿರುಗದೆ ಕಚ್ಚಿಕೊಂಡು ಜಾರಿದರೆ ಇನ್ನೊಂದು ಸಲ.

"ಹಾಲು ಕರೆದ ಹಾಗೆ ಹಿಡೀಬೇಕು ಮಾರಾಯ, ಕೋಳಿ ಕುತ್ತಿಗೆ ಹಿಸುಕಿದ ಹಾಗಲ್ಲ" ಅನ್ನುತ್ತಿದ್ದ. ಹಿಡಿ, ಬಿಡು, ಮತ್ತೆ ಹಿಡಿ. ಮೇಷ್ಟ್ರುಗಳೂ ಪಂಚೆ ಎತ್ತಿ ಕಟ್ಟಿ ಆ ಪರೀಕ್ಷೆಗೆ ಕೂತವರೇ. ತಮ್ಮ ಎಂಬ ಸಲಿಗೆಯಲ್ಲಿ ತಪ್ಪಿಸಿಕೊಂಡವನು ನಾನೊಬ್ಬ.

ನಾನು ತೀರ್ಥಹಳ್ಳಿಯ ಬೇಕರಿಯೊಂದರ ಬ್ರೆಡ್ಡು ಬನ್ನುಗಳನ್ನು ಬೈಕಿನಲ್ಲಿ ಅಂಗಡಿಗಳಿಗೆ ಹಾಕುತ್ತಿದ್ದೆ. ಎರಡು ಸಲ ಬಿದ್ದಿದ್ದೆ. ಇನ್ನೊಮ್ಮೆ ಬಿದ್ದರೆ ಕೆಲಸಕ್ಕೆ ಬರಬೇಡ ಎಂದು ಸಾಹುಕಾರರು ಹೇಳಿದ್ದರು. ಮೂರನೇ ಸಲ ಬಿದ್ದದ್ದು ಮಂಡಗದ್ದೆಯ ಹತ್ತಿರದ ತಿರುವಿನಲ್ಲಿ. ಎದುರಿಗೆ ಲಾರಿ ಬಂತು. ನಾನು ಹಿಸುಕಿದೆ. ಬನ್ನುಗಳೆಲ್ಲ ರಸ್ತೆ ಪಾಲಾದವು. ಸೇರಿದ ಜನರ ಮುಂದೆ, "ಬ್ರೇಕೇ ಹಿಡೀಲಿಲ್ಲ. ನಿನ್ನೆ ತಾನೇ ಅಣ್ಣ ಲೈನರ್ ಹಾಕಿದ್ದು" ಅಂದುಬಿಟ್ಟೆ.

ಸುದ್ದಿ ತಿಳಿದು ಅಣ್ಣ ಬಂದ. ರಸ್ತೆಯ ಮೇಲೆ ಟೈರು ಉಜ್ಜಿದ ಕಪ್ಪು ಗೆರೆಯಿತ್ತು. ಬ್ರೇಕ್ ಹಿಡಿಯದ ಗಾಡಿ ಅಂಥ ಗೆರೆ ಎಳೆಯುವುದಿಲ್ಲ. ಅವನು ಅದರ ಉದ್ದಕ್ಕೂ ನಡೆದು ಬಂದು, ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ.

"ಹಿಸುಕಿದ್ಯಾ?"

"ಇಲ್ಲ."

ಅಣ್ಣ ಮತ್ತೆಂದೂ ಆ ಮಾತು ಎತ್ತಲಿಲ್ಲ...

ನನ್ನ ಕೆಲಸ ಉಳಿಯಿತು. ಸ್ವಂತ ತಮ್ಮನ ಬ್ರೇಕನ್ನೇ ಸರಿ ಮಾಡದವನು ಎಂಬ ಮಾತು ಹಬ್ಬಿ ಅವನ ಗ್ಯಾರೇಜಿನ ಅಂಗಳ ಒಣಗಿತು. ನಾನು ಕೇಳಿಯೂ ಕೇಳದವನ ಹಾಗಿದ್ದೆ.

ಅವನು ಮಾತ್ರ ಕಲಿಯುವುದನ್ನು ಬಿಡಲಿಲ್ಲ. ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಡಿಸ್ಕ್ ಬ್ರೇಕ್ ಬಂತು, ಕಲಿತ. ಕಾಲಿನ ಬ್ರೇಕ್ ಒತ್ತಿದರೆ ಮುಂದಿನ ಚಕ್ರವೂ ಹಿಡಿಯುವ ಗಾಡಿಗಳು ಬಂದವು, ಬಿಚ್ಚಿ ನೋಡಿದ. ಮೊದಲ ಎಬಿಎಸ್ ಗಾಡಿಯನ್ನು ಹೆಗ್ಗೋಡಿನ ಮೇಷ್ಟ್ರೊಬ್ಬರು ತಂದಾಗ, ಅದರ ಇಂಗ್ಲಿಷ್ ಪುಸ್ತಕವನ್ನು ಅವರಿಂದಲೇ ಓದಿಸಿದ. ಚಕ್ರದ ಹಲ್ಲಿನ ಬಳೆಯನ್ನು, ಪಕ್ಕದ ಪುಟ್ಟ ಸೆನ್ಸರನ್ನು ಮುಟ್ಟಿ ಮುಟ್ಟಿ ನೋಡಿದ. ಚಕ್ರ ಇನ್ನೇನು ಕಚ್ಚುತ್ತದೆ ಅನ್ನುವಾಗ ಅದೇ ಬಿಟ್ಟು ಅದೇ ಹಿಡಿಯುತ್ತದೆ, ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಎಂದು ತಿಳಿದಾಗ ಮಗುವಿನ ಹಾಗೆ ನಕ್ಕ.

"ನೋಡಿ ಸಾರ್, ಇದು ನಮಗಿಂತ ಚೆಂದ ಕರೀತದೆ. ಲಿವರ್ ನಡುಗಿದ್ರೆ ಹೆದರಿ ಬಿಡ್ಬೇಡಿ. ನನ್ನ ಕೆಸರಿನ ಪರೀಕ್ಷೆ ನಿಮ್ಮ ಗಾಡಿ ಹುಟ್ಟುವಾಗ್ಲೇ ಪಾಸು."

ಆಗ ಅದು ಮುಂದಿನ ಚಕ್ರಕ್ಕೆ ಮಾತ್ರವಿತ್ತು. ಹಿಂದಕ್ಕೂ ಬರಬೇಕು ಎನ್ನುತ್ತಿದ್ದ. ಬಂತು. ಅದನ್ನು ನೋಡಲು ಅವನಿರಲಿಲ್ಲ.

ಎಮ್ಮೆ ದಾಟಿದ ಮೇಲೆ ನಾನು ಮನೆಗೆ ಹೋಗದೆ ನೇರ ತೀರ್ಥಹಳ್ಳಿಗೆ ಹೋದೆ. ಸಾಹುಕಾರರಿಗೆ ಈಗ ವಯಸ್ಸಾಗಿದೆ. ಅಂದು ಹಿಸುಕಿದವನು ನಾನು, ಬ್ರೇಕ್ ಸರಿಯಾಗಿತ್ತು ಎಂದು ಹೇಳಿದೆ. ಅವರು ನನ್ನತ್ತ ತಿರುಗಿ ಕೇಳಿದರು.

"ಹಾಗಾದ್ರೆ ನಿನ್ನಣ್ಣ ಸುಳ್ಳು ಹೇಳಿದ್ದನಾ? ಲೈನರ್ ಸರಿಯಾಗಿ ಹಾಕದ್ದು ನಂದೇ ತಪ್ಪು, ತಮ್ಮನ್ನ ತೆಗೀಬೇಡಿ ಅಂತ ಇಲ್ಲೇ ನಿಂತು ಹೇಳಿದ್ದ."

ತನ್ನ ಬ್ರೇಕಿನ ಬಗ್ಗೆ ಒಂದು ಮಾತು ಸಹಿಸದವನು ಅಣ್ಣ. ಈಗ ಯಾವ ಅಂಗಡಿಗೆ ಹೋದರೂ, ಕೇಳಲಿ ಬಿಡಲಿ, ನಾನು ಯಾರ ತಮ್ಮ ಎಂದು ಹೇಳುತ್ತೇನೆ; ಅವನು ಹಾಕಿದ ಬ್ರೇಕು ಒಂದೂ ತಪ್ಪಿರಲಿಲ್ಲ ಎಂದೂ ಹೇಳುತ್ತೇನೆ. ಅವನಿಗೊಬ್ಬನಿಗೆ ಮಾತ್ರ ಹೇಳಲಾಗಲಿಲ್ಲ...