ಅರಿಶಿನ ದಾರ ಕಟ್ಟಿದ ಕರಿ ಮರಿ

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಹೆರಿಗೆ ಕೋಣೆಯಲ್ಲಿ ನರ್ಸ್ ಆಗಿದ್ದೆ. ಮೊದಲು ಮುದ್ದೇಬಿಹಾಳ, ಆಮೇಲೆ ಬಸವನ ಬಾಗೇವಾಡಿ, ಸಿಂದಗಿ, ಕೊನೆಗೆ ಇಂಡಿ. ಕೂಸು ಹೊರಗೆ ಬಂದ ಕ್ಷಣವೇ ಗಂಡೋ ಹೆಣ್ಣೋ ಎಂದು ತಾಯಿಗೆ ಹೇಳುವುದು ನನ್ನ ಕೆಲಸ. ಒಮ್ಮೆಯೂ ತಪ್ಪಿದ್ದಿಲ್ಲ, ತಪ್ಪುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಅಷ್ಟು ವರ್ಷ ಹಾಗೆ ಹೇಳುತ್ತ ಬಂದವಳಿಗೆ ಒಂದು ಧೈರ್ಯ ಅಂಟಿಕೊಳ್ಳುತ್ತದೆ. ಕೋಳಿಮರಿಯ ವಿಷಯದಲ್ಲಿ ನಾನು ಕೆಟ್ಟದ್ದು ಆ ಧೈರ್ಯದಿಂದಲೇ.

ನಿವೃತ್ತಿಯ ಮೇಲೆ ಇಂಡಿಯಲ್ಲೇ ಉಳಿದೆ. ಗಂಡನನ್ನು ಕಳೆದುಕೊಂಡ ತಂಗಿ ನನ್ನ ಜೊತೆಗಿದ್ದಾಳೆ. ಹಿತ್ತಲಿನಲ್ಲಿ ಎರಡು ನಿಂಬೆ ಗಿಡ, ತಂತಿಯ ಜಾಲಿ ಹೊಡೆಸಿದ ಒಂದು ಕೋಳಿಗೂಡು. ಐದಕ್ಕೆ ಏಳುತ್ತೇನೆ, ಆರಕ್ಕೆ ಗೂಡು ತೆರೆದು ಎಣಿಸುತ್ತೇನೆ, ಸಂಜೆ ಆರಕ್ಕೆ ಎಣಿಸಿ ಮುಚ್ಚುತ್ತೇನೆ. ಮರಿಗಳಿಗೊಂದು ನೋಟುಬುಕ್ಕು ಇಟ್ಟಿದ್ದೇನೆ. ಹುಟ್ಟಿದ ದಿನ, ಬಣ್ಣ, ತಳಿ, ಗಂಡು ಹೆಣ್ಣು, ಎಲ್ಲಕ್ಕೂ ಗೆರೆ ಎಳೆದ ಅಂಕಣಗಳು.

"ಕೋಳಿಗೂ ಕೇಸ್ ಶೀಟ್ ಬರದಿಯಲ್ಲ ಅಕ್ಕಾ," ಎಂದು ತಂಗಿ ನಗುತ್ತಿದ್ದಳು. "ಇನ್ನ ಜ್ವರಾ ನೋಡೂದೊಂದ ಉಳೀತು."

ಆ ವರ್ಷ ನಾಲತವಾಡದ ಸಂತೆಯಿಂದ ಒಂಬತ್ತು ತತ್ತಿ ತಂದಿದ್ದೆ. ಅವುಗಳಲ್ಲಿ ಕೆಲವು ಕಡಕನಾಥ ತಳಿಯವು ಎಂದು ಮಾರುವವನು ಆಣೆ ಮಾಡಿದ್ದ. ಕಡಕನಾಥ ಎಂದರೆ ಪುಕ್ಕದಿಂದ ಮಾಂಸದವರೆಗೆ ಕಪ್ಪಾಗಿರುವ ಕೋಳಿ. ಕಾವಿಗೆ ಕೂತಿದ್ದ ನಮ್ಮ ಜವಾರಿ ಕೋಳಿಯ ಕೆಳಗೆ ಒಂಬತ್ತನ್ನೂ ಇಟ್ಟೆ. ಗುಡುಗಿಗೆ ತತ್ತಿ ಕೆಡಬಾರದೆಂದು ತಂಗಿ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ ಹಾಕಿದಳು. ಇಪ್ಪತ್ತೊಂದನೆಯ ದಿನ ಏಳು ಮರಿಗಳಾದವು.

ಗೋಡೆಯಾಚೆಯ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಅವರ ಮನೆತನದವರು ಅಜ್ಜನ ಕಾಲದಿಂದ ನಿಂಬೆಹಣ್ಣಿನ ವ್ಯಾಪಾರಿಗಳು. ನಾವು ಅವರನ್ನು ಉರ್ದುವಿನ ವಾಡಿಕೆಯಂತೆ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತೇವೆ, ಅವರಿಗೆ ನಾನು ಇವತ್ತಿಗೂ ಸಿಸ್ಟರ್. ಖಾಲಾರ ಕಣ್ಣು ಮಂಜಾಗಿದೆ. ಅವರು ಮರಿಗಳನ್ನು ಕೈಯಿಂದಲೇ ನೋಡುತ್ತಾರೆ. ಅಂಗೈಯಲ್ಲಿ ಇಟ್ಟುಕೊಂಡು ಹೆಬ್ಬೆರಳನ್ನು ಹೊಟ್ಟೆಯ ಕೆಳಗೆ ಒತ್ತಿ, ಕಣ್ಣು ಮುಚ್ಚಿ ಹುಂಜ ಎಂದೋ ಹೇಂಟಿ ಎಂದೋ ಹೇಳಿಬಿಡುತ್ತಾರೆ. ಆ ದಿನ ಆರು ಮರಿಗಳನ್ನು ಹಾಗೆ ಚಕಚಕನೆ ಹೇಳಿ ಕೆಳಗಿಟ್ಟರು. ಏಳನೆಯದು, ಪೂರ್ತಿ ಕರಿಯದು, ಅವರ ಕೈಯಲ್ಲಿ ಬಹಳ ಹೊತ್ತು ಉಳಿಯಿತು. ಉಳಿದವು ಚೀಂವ್‌ಗುಟ್ಟುತ್ತಿದ್ದವು. ಅದು ಸುಮ್ಮನಿತ್ತು.

"ಹೇಂಟಿನ ಇದು," ಎಂದರು. "ಆದ್ರ ಯಾಕೋ ಕೈ ಒಪ್ಪವಲ್ದು ಸಿಸ್ಟರ್."

"ಒಂದ ದಿನದ ಜವಾರಿ ಮರಿ ನೋಡಿ ಯಾರಿಗೂ ಹೇಳಾಕ ಬರೂದಿಲ್ರಿ ಖಾಲಾ. ಆರು ವಾರ ತಡೀರಿ, ನಾನ ಹೇಳ್ತೇನಿ."

"ತಡೀತೇನ್ರಿ. ನನಗೇನ ಗಡಿಬಿಡಿ? ಮರಿಗೂ ಇಲ್ಲ."

ಆರನೆಯ ವಾರ ಒಂದು ಬೆಳಿಗ್ಗೆ ಕೈ ತೊಳೆದು, ನೋಟುಬುಕ್ಕು ತೆರೆದು ಕೂತೆ. ಜವಾರಿ ಮರಿಗಳದ್ದು ಸುಲಭ. ಆ ಹೊತ್ತಿಗೆ ಗಂಡಿನ ಜುಟ್ಟು ಅಗಲವಾಗಿ ಕೆಂಪೇರುತ್ತದೆ, ಹೆಣ್ಣಿನದು ಸಣ್ಣಗೆ ಬಿಳಿಚಿಕೊಂಡಿರುತ್ತದೆ. ಕರಿಯವು ಮೂರಿದ್ದವು. ಎರಡರ ಬಾಯಿ ತೆರೆದು ನೋಡಿದರೆ ಒಳಗೆ ಗುಲಾಬಿ ಬಣ್ಣ, ಅಂಗಾಲು ಹಳದಿ. ಹಾಗಾಗಿ ಅವು ಬರೀ ಕರಿ ಬಣ್ಣದ ಜವಾರಿ. ಮೂರನೆಯದು ಮೊದಲ ದಿನ ಖಾಲಾರ ಕೈಯಲ್ಲಿ ಸುಮ್ಮನಿದ್ದ ಮರಿ, ಅದರ ನಾಲಿಗೆ, ಅಂಗುಳು, ಅಂಗಾಲು ಎಲ್ಲವೂ ಕಪ್ಪು. ಅದೇ ನಿಜವಾದ ಕಡಕನಾಥ. ತೊಡಕಾದದ್ದೂ ಅಲ್ಲೇ. ಜುಟ್ಟೇ ಕಪ್ಪಾದರೆ ಕೆಂಪನ್ನು ಎಲ್ಲಿ ಹುಡುಕುವುದು? ನಾನು ಕಾಲು ನೋಡಿದೆ, ದಪ್ಪಗಿದ್ದವು. ತಲೆಯ ಮೇಲೆ ಕೈಯ ನೆರಳು ಆಡಿಸಿದೆ. ಹೆಣ್ಣುಮರಿಗಳು ನೆರಳಿಗೆ ಹುದುಗಿಕೊಂಡವು. ಇದು ಹುದುಗಲಿಲ್ಲ. ಕತ್ತೆತ್ತಿ, ನನ್ನ ಕೈಯನ್ನು ಬಿಟ್ಟು ನನ್ನ ಮುಖವನ್ನೇ ನೋಡಿತು. ನಾನು ಪೆನ್ನು ತೆಗೆದು 'ಗಂಡು' ಎಂದು ಬರೆದೆ.

ಅದೇ ವಾರ ತಂಗಿ ಸ್ನಾನ ಮುಗಿಸಿ ಬಂದು ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲಿಟ್ಟಳು. ಬೋರೆಹಣ್ಣಿನಷ್ಟು ಗಂಟು. ವಿಜಯಪುರಕ್ಕೆ ಕರೆದೊಯ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದ್ದು ಇಷ್ಟೇ: ತಿಂಗಳೊಳಗೆ ತೆಗೆಸಬೇಕು, ತಡವಾದರೆ ಹರಡುತ್ತದೆ. ತಂಗಿ ತಲೆಯಾಡಿಸಿದಳು. ಇಂಡಿಗೆ ಬಂದವಳು ನೇರ ಹಿತ್ತಲಿಗೆ ಹೋಗಿ, ಆ ಕರಿ ಮರಿಯನ್ನು ಹಿಡಿದು ಅದರ ಕಾಲಿಗೆ ಅರಿಶಿನ ದಾರ ಕಟ್ಟಿದಳು.

ನಮ್ಮ ತವರು ಯಂಕಂಚಿಯ ಕಡೆ. ಅಲ್ಲಿ ನಮ್ಮ ಮನೆಯವರು ದೊಡ್ಡ ಬೇನೆ ಬಂದರೆ ಮನೆದೇವಿಗೆ ಬಿಳಿ ಚುಕ್ಕೆಯಿಲ್ಲದ ಕರಿ ಹುಂಜದ ಹರಕೆ ಹೇಳಿಕೊಳ್ಳುತ್ತಿದ್ದರು. ದಾರ ಕಟ್ಟಿದ ಹಕ್ಕಿಯನ್ನು ಬದಲಿಸುವಂತಿಲ್ಲ, ದಾರ ಬಿಚ್ಚುವಂತಿಲ್ಲ, ಕೊಯ್ಯುವಂತೆಯೂ ಇಲ್ಲ. ಅದು ಮನೆಯಲ್ಲಿ ಒಮ್ಮೆ ಕೂಗಬೇಕು. ಕೂಗಿದರೆ ದೇವಿ ಒಪ್ಪಿದಳು ಎಂದರ್ಥ. ಆಮೇಲೆ ಅದನ್ನು ಗುಡಿಯ ಬಯಲಿಗೆ ಜೀವಂತ ಬಿಟ್ಟುಬರಬೇಕು.

"ಅದು ಕೂಗಲಿ ಅಕ್ಕಾ," ಎಂದಳು. "ಕೂಗಿದ ಮರುದಿನನ ದವಾಖಾನಿಗೆ ಬರ್ತೇನಿ. ಅಲ್ಲೀತನಕ ನನ್ನ ಎಬ್ಬಿಸಬ್ಯಾಡ."

"ಗಂಟು ಕಾಯೂದಿಲ್ಲ, ತಿಳೀತಿಲ್ಲೋ?"

"ಎಷ್ಟ ದಿನಾ ಅಕ್ಕಾ? ಹುಂಜ ಹೌದಲ್ಲ? ನೀನ ಬರದಿ, ಮಸೀಲೆ."

ಬರೆದವಳು ನಾನೇ. ಆ ಅಕ್ಷರದ ಮೇಲೆ ನನ್ನ ತಂಗಿ ತನ್ನ ಜೀವವನ್ನು ಇಟ್ಟು ಕೂತಳು.

ದಾರ ಕಟ್ಟಿದ ದಿನದಿಂದ ಆ ಮರಿ ಬೇರೆಯೇ ಆಯಿತು. ಉಳಿದವುಗಳ ಜೊತೆ ಮಣ್ಣು ಕೆದಕಲಿಲ್ಲ. ಗೂಡು ತೆರೆದ ಕೂಡಲೇ ಒಂದೇ ಓಟಕ್ಕೆ ಪಡಸಾಲೆಗೆ ಬಂದು ತಂಗಿಯ ಮಂಚದ ಪಕ್ಕ ನಿಲ್ಲುತ್ತಿತ್ತು, ಯಾವಾಗಲೂ ಎಡಗಡೆಗೆ. ಮಂಚವನ್ನು ತಿರುಗಿಸಿ ಹಾಕಿಸಿದೆ. ಮರುದಿನ ಅದು ಸುತ್ತಿ ಬಂದು ಮತ್ತೆ ಅವಳ ಎಡಕ್ಕೇ ನಿಂತಿತು. ಕಪ್ಪು ಮುಖದಲ್ಲಿ ಕಣ್ಣು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ರೆಪ್ಪೆ ಬಡಿದಾಗ ಮಾತ್ರ ಅಲ್ಲೊಂದು ಕಣ್ಣಿದೆ ಎಂದು ಗೊತ್ತಾಗುತ್ತಿತ್ತು.

"ಕಾವಲ ಕಾಯತೈತಿ," ಎನ್ನುತ್ತಿದ್ದಳು ತಂಗಿ. ನನಗೆ ಅದು ಕಾವಲಿನಂತೆ ಕಾಣುತ್ತಿರಲಿಲ್ಲ. ವಾರ್ಡಿನಲ್ಲಿ ಉಳಿಯದ ರೋಗಿಯ ಪಕ್ಕ ಕೆಲವು ಸಂಬಂಧಿಕರು ಹಾಗೆ ನಿಂತಿರುತ್ತಾರೆ, ಏನನ್ನೂ ಕೇಳದೆ.

ಹತ್ತನೆಯ ವಾರಕ್ಕೆ ನನ್ನ ತಪ್ಪು ನನಗೆ ತಿಳಿಯಿತು. ಅದರ ಜೊತೆಯ ಹುಂಜಗಳ ಬೆನ್ನಿನ ಕೊನೆಯಲ್ಲಿ ಚೂಪಾದ, ಹೊಳೆಯುವ ಗರಿಗಳು ಇಳಿಯತೊಡಗಿದ್ದವು. ಇದರ ಗರಿಗಳ ತುದಿ ದುಂಡಗಿತ್ತು. ಕತ್ತಿನದೂ ದುಂಡಗೆ. ಹೇಂಟಿ. ಖಾಲಾರ ಹೆಬ್ಬೆರಳು ಮೊದಲ ದಿನವೇ ಹೇಳಿದ್ದು ನಿಜವಾಗಿತ್ತು. ಅದು ಎಂದಿಗೂ ಕೂಗುವುದಿಲ್ಲ.

ಹೇಳಲಿಲ್ಲ. ಹೇಳಿದರೆ ದೇವಿ ಒಲ್ಲೆ ಎಂದಳು ಎಂದೇ ತಂಗಿ ತಿಳಿಯುತ್ತಿದ್ದಳು. ಆಮೇಲೆ ಅವಳನ್ನು ವಿಜಯಪುರದ ಬಸ್ಸಿಗೆ ಹತ್ತಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಡಾಕ್ಟರು ಕೊಟ್ಟ ತಿಂಗಳು ಮುಗಿದಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಗಂಟು ಮುಟ್ಟಿ ನೋಡುತ್ತಿದ್ದೆ. ಅದು ಎಳೆ ನಿಂಬೆಕಾಯಿಯಷ್ಟಾಗಿತ್ತು, ಚರ್ಮದ ಕೆಳಗೆ ಮೊದಲಿನ ಹಾಗೆ ಜಾರುತ್ತಿರಲಿಲ್ಲ.

ಕೊನೆಗೆ ಖಾಲಾರ ಹತ್ತಿರ ಹೋಗಿ ಕೇಳಿದೆ. "ನಿಮ್ಮ ಹುಂಜ ಒಂದ ಮುಂಜಾನಿ ನಮ್ಮ ಹಿತ್ತಲದಾಗ ಬಿಡ್ರಿ. ಒಳಗ ಮಲಗಿದಾಕಿಗೆ ಯಾವುದ ಕೂಗಿತಂತ ಏನ ತಿಳೀತೈತಿ?"

"ನಮ್ಮ ಹುಂಜದ ದನಿ ಇಡೀ ಓಣಿಗೆ ಗೊತ್ತೈತ್ರಿ. ನೀವ ದಿನಾ ಅದಕ್ಕ ಬೈತೀರಿ," ಎಂದರು. ಆಮೇಲೆ ದನಿ ಇಳಿಸಿದರು. "ದೇವರ ಹೆಸರಿಲೆ ನಾಟಕ ಬ್ಯಾಡ್ರಿ ಸಿಸ್ಟರ್. ನಿಮ್ಮ ದೇವ್ರಾದ್ರೂ ಅಷ್ಟ, ನಮ್ಮ ದೇವ್ರಾದ್ರೂ ಅಷ್ಟ."

ಹದಿನಾಲ್ಕನೆಯ ವಾರದ ಒಂದು ಗುರುವಾರ, ಮಧ್ಯಾಹ್ನ ಮೂರಕ್ಕೆ ಹದಿನೈದು ನಿಮಿಷ ಇತ್ತು. ಕರೆಂಟು ಹೋಗಿತ್ತು. ಓಣಿಯಲ್ಲಿ ಒಂದು ಸದ್ದಿಲ್ಲ. ನಾನು ಹಿತ್ತಲಿನಲ್ಲಿ ಉಪ್ಪಿನಕಾಯಿಗೆ ನಿಂಬೆ ಹೆಚ್ಚುತ್ತಿದ್ದೆ. ಕರಿ ಕೋಳಿ ಒಳಗಿನಿಂದ ನಡೆದು ಬಂದು, ನನ್ನೆದುರಿನ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿತು. ಕತ್ತನ್ನು ನಿಧಾನವಾಗಿ ಮುಂದಕ್ಕೆ ಚಾಚಿತು, ಬಾಯಿ ತೆರೆಯಿತು. ಒಳಗೆಲ್ಲ ಕಪ್ಪು.

ಅದು ಕೂಗಿತು. ಎಳೆ ಹುಂಜಗಳು ಮೊದಲ ಸಲ ಕೂಗಿದರೆ ದನಿ ಒಡೆಯುತ್ತದೆ, ನಡುವೆಯೇ ನಿಲ್ಲುತ್ತದೆ. ಇದು ಹಾಗಿರಲಿಲ್ಲ. ಹಲವು ವರ್ಷ ಕೂಗಿ ಪಳಗಿದ ಹುಂಜದ ದನಿ, ಉದ್ದಕ್ಕೆ, ಕೊನೆಯವರೆಗೆ. ಕೊನೆಯಲ್ಲಿ ಮಾತ್ರ ಅದು ಮನುಷ್ಯರು ನಿಟ್ಟುಸಿರು ಬಿಟ್ಟಂತೆ ಕೆಳಗಿಳಿಯಿತು. ಉಳಿದ ಕೋಳಿಗಳು ಕಾಗೆ ಗಿಡುಗ ಏನೂ ಇಲ್ಲದೆ ಗೂಡಿನೊಳಗೆ ನುಗ್ಗಿದವು. ನನ್ನ ಬೆರಳಿನ ಗಾಯಕ್ಕೆ ನಿಂಬೆರಸ ತಾಗಿ ಉರಿದಾಗಲೇ ಚಾಕು ತಾಗಿದ್ದು ಗೊತ್ತಾಯಿತು.

ಗೋಡೆಯ ಮೇಲೆ ಖಾಲಾರ ತಲೆ ಕಾಣಿಸಿತು. "ಯಾರ ಹುಂಜರಿ ಅದು?"

ನಾನು ಕಲ್ಲಿನ ಕಡೆ ಕೈ ಮಾಡಿದೆ. ಅವರು ಹಿಂಬಾಗಿಲಿನಿಂದ ಬಂದು, ತಡವಿ ಕೋಳಿಯನ್ನು ಎತ್ತಿಕೊಂಡು ಹೆಬ್ಬೆರಳು ಒತ್ತಿದರು.

"ಹೇಂಟಿನ ಐತಿ."

"ಕೂಗಿದ್ದು ಅದನ್ರಿ. ನನ್ನ ಮುಂದನ ಕೂಗಿತು."

ಖಾಲಾ ಹೆಬ್ಬೆರಳು ಹಿಂದೆಗೆದರು. "ಕೂಗಿದ ಹೇಂಟಿ ಮನಿಯಾಗ ಇಡಬಾರದ್ರಿ. ಒಬ್ಬರನ್ನ ಕರಕೊಂಡ ಹೋಗತೈತಿ ಅಂತಾರ. ಹೊತ್ತ ಮುಳುಗೂದ್ರಾಗ ಕೊಯ್ದ ಬಿಡಬೇಕು."

"ದಾರ ಕಟ್ಟೇತ್ರಿ. ಕೊಯ್ಯಾಕ ಬರೂದಿಲ್ಲ."

ಅಷ್ಟರಲ್ಲಿ ತಂಗಿ ಬಾಗಿಲಿಗೆ ಬಂದಿದ್ದಳು. ಎಷ್ಟೋ ದಿನಗಳ ಮೇಲೆ ತಲೆ ಬಾಚಿ ತುರುಬು ಕಟ್ಟುತ್ತಿದ್ದಳು.

"ಕೇಳಿದಿ ಅಕ್ಕಾ? ತಾಯಿ ಒಪ್ಪಿದ್ಲು. ನನ್ನ ಚೀಲ ಎಲ್ಲೈತಿ? ನಾಳಿ ಮೊದಲನೇ ಬಸ್ಸಿಗೆ ಹೋಗೂಣು."

ನಾನು ಖಾಲಾರನ್ನು ನೋಡಿದೆ. ವಾರ್ಡಿನಲ್ಲಿ ಒಂದು ದಿನವೂ ಸುಳ್ಳು ವರದಿ ಕೊಟ್ಟವಳಲ್ಲ ನಾನು. "ಚೀಲ ಅಟ್ಟದ ಮ್ಯಾಲ ಐತಿ," ಎಂದೆ. ಖಾಲಾ ಕೋಳಿಯನ್ನು ಕೆಳಗೆ ಬಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಹೋಗಿ ಬಾ ಮಗಳ," ಎಂದರು. "ಕೋಳಿ ನಾ ನೋಡಕೋತೇನಿ."

ಶಸ್ತ್ರಚಿಕಿತ್ಸೆ ಆಯಿತು. ಇನ್ನು ಹದಿನೈದು ದಿನ ತಡೆದಿದ್ದರೆ ತಾವು ಏನೂ ಹೇಳುವಂತಿರಲಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನರ್ಸ್ ಆಗಿದ್ದವರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ಕೋಳಿ ಕೂಗುವುದನ್ನು ಕಾಯುತ್ತಿದ್ದೆವು ಎಂದು ಹೇಗೆ ಹೇಳಲಿ?

ಹನ್ನೆರಡು ದಿನಗಳ ಮೇಲೆ ಮನೆಗೆ ಬಂದೆವು. ಕರಿ ಕೋಳಿ ಖಾಲಾರ ಹಿತ್ತಲಿನ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ಕೂತಿತ್ತು.

"ನೀವು ಹೋದ ದಿನದಿಂದ ಕಾಳ ಮುಟ್ಟಿಲ್ರಿ," ಎಂದರು ಖಾಲಾ. "ಮತ್ತೊಮ್ಮಿ ಕೂಗೂ ಇಲ್ಲ."

ಮರುದಿನ ಹತ್ತು ಗಂಟೆಗೆ ಅದನ್ನು ಕೈಚೀಲದಲ್ಲಿ ಕೂರಿಸಿಕೊಂಡು ಪಶು ದವಾಖಾನೆಗೆ ಹೋದೆ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಹೇಳಿದ್ದಕ್ಕೆ ನಗಲಿಲ್ಲ.

"ಆಗತೈತ್ರಿ ಅಮ್ಮಾ. ಮುದಿ ಕೋಳಿಯೊಳಗ ಆಗತೈತಿ, ಇಷ್ಟ ಎಳೇದ್ರಾಗ ಕೇಳಿದ್ದಿಲ್ಲ. ಹೇಂಟಿಗೆ ತತ್ತಿ ಆಗೂ ಅಂಗ ಎಡಗಡೇದೊಂದ ಕೆಲಸ ಮಾಡತೈತಿ. ಬಲಗಡೇದು ಹುಟ್ಟಿದಾಗಿಂದ ಸುಮ್ಮನ ಇರತೈತಿ. ಎಡಗಡೇದಕ್ಕ ಗಂಟು ಗಿಂಟು ಆಗಿ ಅದು ಕೆಟ್ಟರ, ಕೋಳಿಗೆ ಗಂಡಿನ ದನಿ ಬರತೈತ್ರಿ."

"ಎಡಗಡೇದು," ಎಂದೆ.

"ಹೌದ್ರಿ. ಮುಟ್ಟಿ ನೋಡ್ರಿ, ಸಿಗತೈತಿ."

ಮುಟ್ಟಿದೆ. ಪುಕ್ಕದ ಕೆಳಗೆ, ತೆಳುವಾದ ಹೊಟ್ಟೆಯ ಎಡಕ್ಕೆ ಗಟ್ಟಿಯಾದ, ಜಾರದ ಗಂಟು. ಎಳೆ ನಿಂಬೆಕಾಯಿಯಷ್ಟು. ಆ ಗಾತ್ರ ನನ್ನ ಬೆರಳುಗಳಿಗೆ ಹೊಸದಾಗಿರಲಿಲ್ಲ. ಎಷ್ಟೋ ಭಾನುವಾರ ಅವು ಅದನ್ನೇ ಮುಟ್ಟಿದ್ದವು.

ಮನೆಗೆ ಬರುವಷ್ಟರಲ್ಲಿ ಚೀಲದೊಳಗೆ ಭಾರ ಬದಲಾಗಿತ್ತು. ತೆರೆದು ನೋಡಿದರೆ ಅದರ ಕಣ್ಣು ಮುಚ್ಚಿತ್ತು. ದಾರ ಬಿಚ್ಚದೆ ನಿಂಬೆ ಗಿಡದ ಬುಡದಲ್ಲಿ ಹೂಳಿದೆ. ತಂಗಿ ಕಿಟಕಿಯಿಂದ ನೋಡುತ್ತಿದ್ದಳು.

"ಗುಡೀಗೆ ಬಿಡಾಕ ಆಗಲಿಲ್ಲಲ್ಲ ಅಕ್ಕಾ."

"ಆಗಲಿಲ್ಲ."

"ಇರ್ಲಿ. ಅದು ತಾನ ಹೋತು." ಕಿಟಕಿಯ ಸರಳು ಹಿಡಿದು ಕೇಳಿದಳು, "ಹುಂಜನ ಹೌದಲ್ಲ?"

"ಹೌದು," ಎಂದೆ.

ನೋಟುಬುಕ್ಕಿನಲ್ಲಿ 'ಗಂಡು' ಎಂದು ಬರೆದದ್ದು ಹಾಗೆಯೇ ಇದೆ. ಹೊಡೆದು ಹಾಕಲು ಎರಡು ಸಲ ಪೆನ್ನು ತೆಗೆದಿದ್ದೇನೆ.

ತಂಗಿ ಈಗ ಎದ್ದು ಓಡಾಡುತ್ತಾಳೆ. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇವೆ. ಈ ಸಲ ಬುಟ್ಟಿಗೆ ತತ್ತಿ ಇಟ್ಟವಳೂ, ಮೊಳೆ ಹಾಕಿದವಳೂ ಅವಳೇ. ಎಲ್ಲ ನಮ್ಮ ಮನೆಯ ಜವಾರಿ ತತ್ತಿಗಳೇ. ಹೋದ ವಾರ ಮರಿಗಳಾದವು. ಮರಿಗಳನ್ನು ನೋಡುವ ಕೆಲಸ ನಾನು ಬಿಟ್ಟುಕೊಟ್ಟಿದ್ದೇನೆ. ಖಾಲಾ ಬಂದು ಕಟ್ಟೆಯ ಮೇಲೆ ಕೂತರು, ನಾನು ಒಂದೊಂದಾಗಿ ಅವರ ಅಂಗೈಗೆ ಕೊಡುತ್ತ ಹೋದೆ. ಹುಂಜ, ಹೇಂಟಿ, ಹೇಂಟಿ, ಹುಂಜ. ನಾನು ಬರೆದುಕೊಂಡೆ.

ಕೊನೆಯದನ್ನು ಅವರು ಕೆಳಗಿಡಲಿಲ್ಲ. ಬೂದು ಬಣ್ಣದ್ದು. ಉಳಿದವೆಲ್ಲ ಬುಟ್ಟಿಯಲ್ಲಿ ಗದ್ದಲ ಮಾಡುತ್ತಿದ್ದವು, ಅದು ಅವರ ಅಂಗೈಯಲ್ಲಿ ಸುಮ್ಮನೆ ಕೂತಿತ್ತು. ಖಾಲಾರ ಹೆಬ್ಬೆರಳು ಅದರ ಹೊಟ್ಟೆಯ ಎಡಕ್ಕೆ ಹೋಗಿ ನಿಂತಿತು. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೇಳ್ಲೇನ್ರಿ ಸಿಸ್ಟರ್?"

"ಬ್ಯಾಡ್ರಿ ಖಾಲಾ," ಎಂದು ನೋಟುಬುಕ್ಕು ಮುಚ್ಚಿ, ಅಂದೇ ಮಧ್ಯಾಹ್ನದ ಬಸ್ಸಿಗೆ ತಂಗಿಯನ್ನು ವಿಜಯಪುರಕ್ಕೆ ಕರೆದುಕೊಂಡು ಹೊರಟೆ. ತೋರಿಸಿಕೊಳ್ಳಲು ಇನ್ನೂ ಒಂದು ತಿಂಗಳಿತ್ತು. ಆದರೂ ಚೀಲವನ್ನು ಅಟ್ಟದಿಂದ ಇಳಿಸಿದವಳು ಅವಳೇ.