ಇಂಜಿನ್ನಿಗೆ ಅಂಟಿಕೊಂಡಿದ್ದ ಹಳೇ ವಾಷರ್

ಕಡ್ಡಿರಾಂಪುರ ದಾಟಿ ಹಂಪಿ ಕಡೆಗಿನ ತಿರುವಿನಲ್ಲಿ ನನ್ನ ಗಾಡಿಯ ಹಿಂದಿನ ಚಕ್ರ ಜಾರಿತು. ಬ್ರೇಕ್ ಹಿಡಿದಿರಲಿಲ್ಲ, ಸ್ಪೀಡೂ ಇರಲಿಲ್ಲ. ಗಾಡಿ ಒಂದು ಕಡೆ, ನಾನೊಂದು ಕಡೆ, ಹಿಂದೆ ಕೂತಿದ್ದ ಅತ್ತೆ ಇನ್ನೊಂದು ಕಡೆ...

ನನಗೆ ಮೊಣಕಾಲು ತರಚಿತು. ಅತ್ತೆಯ ಬಲಗೈ ಮಣಿಕಟ್ಟು ಉಳುಕಿ ಊದಿಕೊಂಡಿತು. ಹೊಸಪೇಟೆಗೆ ವಾಪಸ್ ಬಂದು ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ ಎಂದು ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು.

ಇಷ್ಟಕ್ಕೆ ಮುಗಿದಿದ್ದರೆ ಈ ಪೋಸ್ಟ್ ಬರೆಯುತ್ತಿರಲಿಲ್ಲ.

ನಾನು ವಡ್ಡು ಎಂಬ ಊರಿನ ಹತ್ತಿರದ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನಾ ಹೊಸಪೇಟೆಯಿಂದ ಗೇರ್ ಗಾಡಿಯಲ್ಲೇ ಓಡಾಟ, ಅದಿರಿನ ಲಾರಿಗಳ ನಡುವೆ. ಒಮ್ಮೆಯೂ ಬಿದ್ದವಳಲ್ಲ.

ಆದರೆ ಅವತ್ತು ಸಂಜೆ ನೋಡಲು ಬಂದವರೆಲ್ಲರದೂ ಒಂದೇ ರಾಗ. ಹೆಣ್ಣುಮಕ್ಕಳಿಗೆ ಗೇರ್ ಗಾಡಿ ಯಾಕೆ ಬೇಕಿತ್ತು?

ಬೇರೆಯವರು ಬಿಡಿ, ನನ್ನ ಗಂಡ ಬಸವರಾಜ ಕೂಡ, "ಸಾಕ ಬಿಡು ಇನ್ನ, ಇದನ್ನ ಕೊಟ್ಟು ಸ್ಕೂಟರ್ ತಗೊಳ್ಳೋಣ" ಅಂದ. ತಪ್ಪು ನನ್ನದೇ ಎಂದು ತೀರ್ಮಾನವಾಗಿಬಿಟ್ಟಿತ್ತು!

ಮರುದಿನ ಬೆಳಿಗ್ಗೆ ಗಾಡಿ ಒರೆಸಲು ಹೋದೆ. ಹಿಂದಿನ ಟೈರು ಒಂದು ಬದಿಯಲ್ಲಿ ಕಪ್ಪಗೆ ಮಿಂಚುತ್ತಿತ್ತು. ಬೆರಳಿಟ್ಟರೆ... ಆಯಿಲ್.

ಬಗ್ಗಿ ನೋಡಿದೆ. ಹಳೇ ಆಯಿಲ್ ಇಳಿಸಲು ಇಂಜಿನ್ ಕೆಳಗೊಂದು ಡ್ರೈನ್ ಬೋಲ್ಟ್ ಇರುತ್ತದಲ್ಲ, ಅದರ ಸುತ್ತಲಿಂದ ಒಸರುತ್ತಿತ್ತು. ಹಿಂದಿನ ವಾರವಷ್ಟೇ ಸರ್ವೀಸ್ ಮಾಡಿಸಿದ ಗಾಡಿ ಅದು.

ಫೋಟೋ ತೆಗೆದುಕೊಂಡು, ಆಟೋ ಹಿಡಿದು ಸರ್ವೀಸ್ ಸೆಂಟರಿಗೆ ಹೋದೆ. ಅಲ್ಲಿನ ಸೂಪರ್‌ವೈಸರ್ ಫೋಟೋವನ್ನು ನೆಟ್ಟಗೆ ನೋಡಲೂ ಇಲ್ಲ.

"ನೀವು ಬಿದ್ದಾಗ ಕೆಳಗ ಕಲ್ಲು ಬಡದಿರ್ತೈತಿ ಮೇಡಂ. ನಿಮ್ಮ ಯಜಮಾನ್ರನ್ನ ಕಳಸ್ರಿ, ಅವ್ರಿಗೆ ತಿಳಿಸಿ ಹೇಳ್ತೀನಿ."

"ಗಾಡಿ ನಂದ್ರಿ. ನನಗ ಹೇಳ್ರಿ" ಅಂದೆ. ಅವನು ನಕ್ಕು ಒಳಗೆ ಹೋದ.

ಮೈಯೆಲ್ಲ ಉರಿದುಹೋಯಿತು.

ಬರುವಾಗ ದಾರಿಯಲ್ಲೇ ಆಯಿಲ್ ಮತ್ತು ಹೊಸ ವಾಷರ್ ಕೊಂಡೆ. ಅವತ್ತು ರಜೆ ಹಾಕಿದ್ದೆ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಕೆಳಗೆ ಹಳೇ ಟಬ್ ಇಟ್ಟು ಬೋಲ್ಟ್ ಬಿಚ್ಚಿದೆ. ಇನ್ನೂ ಹೊಸದಾಗೇ ಇದ್ದ ಆಯಿಲ್ ಟಬ್ಬಿಗೆ ಇಳಿಯುವುದನ್ನು ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು.

ಬೋಲ್ಟಿನ ಜೊತೆ ಹೊಳೆಯುವ ವಾಷರ್ ಒಂದು ಬಂತು. ತೆಳ್ಳನೆಯ ಅಲ್ಯೂಮಿನಿಯಂ ರಿಂಗು. ಬೋಲ್ಟ್ ಬಿಗಿದಾಗ ಇದು ಅಮುಕಿಕೊಂಡು ಸಂದು ಮುಚ್ಚುತ್ತದೆ. ಆಯಿಲ್ ಬದಲಿಸುವಾಗ ಹಳೆಯದನ್ನು ತೆಗೆದು ಹೊಸದು ಹಾಕಬೇಕು.

ಹೊಸದನ್ನೇ ಹಾಕಿದ್ದಾರಲ್ಲ, ಮತ್ಯಾಕೆ ಸೋರಿತು?

ಅತ್ತೆ ಬಂದು ಪಕ್ಕದಲ್ಲಿ ಕೂತು, ಎಡಗೈಯಲ್ಲಿ ಟಾರ್ಚ್ ಹಿಡಿದರು. ತೂತಿನ ಸುತ್ತ ಬಟ್ಟೆಯಿಂದ ಒರೆಸಿ ಉಗುರು ಆಡಿಸಿದೆ. ಸಣ್ಣದೊಂದು ಅಂಚು ಸಿಕ್ಕಿತು. ಹಳೇ ವಾಷರ್ ಅಲ್ಲೇ ಇತ್ತು! ಇಂಜಿನ್ನಿಗೆ ಅಪ್ಪಚ್ಚಿಯಾಗಿ ಅಂಟಿಕೊಂಡು, ಅದರದೇ ಭಾಗದ ಹಾಗೆ ಕಾಣುತ್ತಿತ್ತು. ಅದನ್ನು ತೆಗೆಯದೆ ಮೇಲೆ ಇನ್ನೊಂದು ಕೂರಿಸಿ ಬಿಗಿದಿದ್ದರು.

ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಇಂಜಿನ್ನಿಗೆ ಗೀರು ಬಿದ್ದು ಕಾಯಂ ಸೋರುತ್ತದೆ. ಅದಕ್ಕೆ ಪೇಪರ್ ಕತ್ತರಿಸುವ ಬ್ಲೇಡಿನ ತುದಿಯನ್ನು ಆ ಅಂಚಿನಲ್ಲಿ ಮೆಲ್ಲಗೆ ತೂರಿಸಿದೆ. ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ... ಬೆವರು ಕಣ್ಣಿಗಿಳಿಯುತ್ತಿತ್ತು. ಬ್ಲೇಡ್ ಎರಡು ಸಲ ಮುರಿಯಿತು. ಕೊನೆಗೆ ಒಂದು ಬದಿ ಎದ್ದಿತು. ಪ್ಲಾಸ್ಟಿಕ್ ಚಮಚದ ಹಿಡಿಯಿಂದ ಮೀಟಿದಾಗ ಟಬ್ಬಿಗೆ ಬಿತ್ತು.

ಎತ್ತಿ ನೋಡಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಸೀಳು. ಇದರ ಮೇಲೆ ಹೊಸದು ಸಮನಾಗಿ ಕೂರುವುದಾದರೂ ಹೇಗೆ?

ಅತ್ತೆ ಅದನ್ನೇ ನೋಡುತ್ತ ಹೇಳಿದರು: "ನೀ ಸರಿಯಾಗೇ ಹೊಡಿತಿದ್ದಿ. ಹಿಂದ ಕುಂತಾಕಿ ನಾನಿದ್ನಲ್ಲ, ನನ್ನ ಒಬ್ರರ ಕೇಳಿದ್ರೇನು?"

ನಿಜ. ಅಷ್ಟು ಜನ ಬಂದು ಬುದ್ಧಿ ಹೇಳಿ ಹೋದರು. ಒಬ್ಬರೂ ಅತ್ತೆಯನ್ನು ಕೇಳಿರಲಿಲ್ಲ.

ಹೊಸ ವಾಷರ್ ಒಂದನ್ನೇ ಹಾಕಿ ಬಿಗಿದು, ಆಯಿಲ್ ತುಂಬಿ, ಟೈರನ್ನು ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದೆ. ಕೆಳಗೆ ಪೇಪರ್ ಹಾಸಿಟ್ಟೆ. ಬೆಳಿಗ್ಗೆ ಪೇಪರ್ ಒಣಗೇ ಇತ್ತು. ಬಸವರಾಜ ಆ ಎರಡೂ ವಾಷರ್ ಕೈಯಲ್ಲಿ ಹಿಡಿದು, "ತಪ್ಪಾತು ನಂದು" ಅಂದ. ಸ್ಕೂಟರ್ ಮಾತು ಅಲ್ಲಿಗೆ ನಿಂತಿತು.

ನನ್ನ ಸಿಟ್ಟು ಮಾತ್ರ ನಿಲ್ಲಲಿಲ್ಲ. ಮತ್ತೆ ಸರ್ವೀಸ್ ಸೆಂಟರಿಗೆ ಹೋದೆ. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದು ಬಂದರು, ಅದೇ ಗಾಡಿಯ ಹಿಂದೆ ಕೂತು.

ಎರಡೂ ವಾಷರನ್ನು ಟೇಬಲ್ ಮೇಲೆ ಇಟ್ಟೆ. ಸೂಪರ್‌ವೈಸರ್, "ಇದು ನಮ್ಮ ಕೆಲಸ ಅಂತ ಹೆಂಗ ಹೇಳ್ತೀರಿ?" ಅಂದ.

ಪಕ್ಕದಲ್ಲೇ ಬೇರೊಂದು ಗಾಡಿಯ ಆಯಿಲ್ ಇಳಿದು ಮುಗಿದಿತ್ತು. ಮೆಕ್ಯಾನಿಕ್ ಬೋಲ್ಟಿಗೆ ಹೊಸ ವಾಷರ್ ತೊಡಿಸುತ್ತಿದ್ದ.

"ಒಂದ್ ನಿಮಿಷ ತಡೀರಿ" ಎಂದು ಮೊಬೈಲ್ ಟಾರ್ಚ್ ಹಾಕಿ ಬಗ್ಗಿದೆ. ಅಲ್ಲೂ ಹಳೇ ವಾಷರ್ ಅಂಟಿಕೊಂಡೇ ಇದೆ!

ಆ ಗಾಡಿಯವರು ದೋಣಿಮಲೈ ಕಡೆಯವರು, ಬೆಂಚಿನ ಮೇಲೆ ಕಾಯುತ್ತಿದ್ದರು. ಕರೆದು ತೋರಿಸಿದೆ. ಅವರೂ ಬೆರಳಾಡಿಸಿ ನೋಡಿ, "ಯಾಕ ತಗದಿಲ್ಲಪ್ಪ ಇದನ್ನ?" ಎಂದು ಮೆಕ್ಯಾನಿಕ್‌ನನ್ನು ಕೇಳಿದರು.

"ಅದು ಜಲ್ದಿ ಬರಂಗಿಲ್ಲ ಸರ್, ಭಾಳ ಟೈಮ್ ಹಿಡೀತೈತಿ. ಮ್ಯಾಲ ಇನ್ನೊಂದು ಹಾಕಿದ್ರ ನಡೀತೈತಿ."

"ನಡೀತೈತಾ? ದಿನಾ ಮಗಳನ್ನ ಕುಂದ್ರಿಸ್ಕೊಂಡು ಹೋಗ್ತೀನಿ ಇದರ ಮ್ಯಾಲ!" ಅವರು ಕೂಗಿದ ರಭಸಕ್ಕೆ ಇಡೀ ಶೆಡ್ಡಿನ ಸ್ಪ್ಯಾನರ್ ಸದ್ದು ನಿಂತಿತು.

ಆಗ ಸೂಪರ್‌ವೈಸರ್ ನನ್ನ ಕಡೆ ತಿರುಗಿ ಮೆತ್ತಗೆ, "ಮುಂದಿನ ಸರ್ವೀಸ್ ಫ್ರೀ ಮಾಡ್ಕೊಡ್ತೀವಿ ಮೇಡಂ" ಅಂದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪಟ್ಟಿ ಕಟ್ಟಿದ ಕೈಯನ್ನು ಅವನ ಮುಂದೆ ಎತ್ತಿದರು. "ಇದನ್ನೂ ಸರ್ವೀಸ್ ಮಾಡಿ ಕೊಡ್ತೀಯೇನಪ್ಪಾ?"

ಫ್ರೀ ಸರ್ವೀಸ್ ಬ್ಯಾಡ ಅಂದು ಹೊರಗೆ ಬಂದೆವು.

ಇತ್ತೀಚೆಗೆ ಆಯಿಲ್ ಬದಲಿಸಿಕೊಂಡು ಬಂದವರು ಯಾರಿದ್ದೀರಿ... ನಿಮ್ಮವರನ್ನು ಹಿಂದೆ ಕೂರಿಸಿಕೊಳ್ಳುವ ಮೊದಲು ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡುತ್ತೀರಾ?