ಗಟ್ಟಿಯಾಗಿ ಹೇಳಬೇಕಾದ ಮಾತು

ಹೊನ್ನಾವರದ ಒಬ್ಬ ವಕೀಲರ ಆಫೀಸಿನಲ್ಲಿ ನಾನು ಬಹಳ ವರ್ಷ ಟೈಪಿಸ್ಟ್ ಆಗಿದ್ದೆ. ಧಾರೇಶ್ವರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಹೋದ ವರ್ಷ ಬಸ್ಸಿನ ಬಾಗಿಲಿಗೆ ಬಲಗೈ ಸಿಕ್ಕಿ ಜಜ್ಜಿಹೋಯಿತು. ಗಾಯವೇನೋ ಮಾಯಿತು, ಮೂರು ಬೆರಳು ಮಾತ್ರ ಮಡಚದಾದವು.

ವಕೀಲರು ಕೆಲಸದಿಂದ ತೆಗೆಯಲಿಲ್ಲ. ಕೀಬೋರ್ಡನ್ನು ಕಪಾಟಿನ ಮೇಲೆ ಎತ್ತಿಟ್ಟು ನನ್ನೆದುರು ಮೈಕ್ ಇಟ್ಟರು. "ಇನ್ನು ಕುಟ್ಟೂ ಕೆಲ್ಸ ಇಲ್ಲ. ನೀವು ಹೇಳ್ತಾ ಹೋಗಿ, ಕಂಪ್ಯೂಟರೇ ಕೇಳಿ ಬರ್ಕಳ್ತದೆ" ಎಂದರು. ಬಂದವರೆದುರೆಲ್ಲ ಈ ಉಪಕಾರವನ್ನು ಹೇಳಿಕೊಂಡರು ಕೂಡ.

ಜಾಗದ ಗಡಿ, ಬಾವಿಯ ತಕರಾರು ಇಂಥವಕ್ಕೆ ಅದು ಸಾಕಿತ್ತು. ತಪ್ಪು ಬರೆದರೆ ಎಡಗೈಯಲ್ಲಿ ಮೌಸ್ ಹಿಡಿದು ತಿದ್ದುತ್ತಿದ್ದೆ. ಆದರೆ ಮೆಲ್ಲ ಹೇಳಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಗಟ್ಟಿಯಾಗಿ, ಪುಸ್ತಕದ ಕನ್ನಡದಲ್ಲಿ, ಬಿಡಿಸಿ ಬಿಡಿಸಿ ಹೇಳಬೇಕಿತ್ತು.

ಒಂದು ದಿನ ಇಡಗುಂಜಿ ಕಡೆಯ ಹೆಂಗಸೊಬ್ಬಳು ಬಂದಳು. ಗಂಡನ ಮೇಲೆ ದೂರು. ವಕೀಲರು ಬಾಗಿಲು ಹಾಕಿದ ತಮ್ಮ ಕೋಣೆಯಲ್ಲಿ ಎಲ್ಲ ಕೇಳಿಕೊಂಡು, "ಅಕ್ಕೋರ ಹತ್ರ ಬರೆಸು" ಎಂದು ನನ್ನಲ್ಲಿಗೆ ಕಳಿಸಿದರು. ನನ್ನ ಮೇಜಿದ್ದದ್ದು ಜಗಲಿಯ ಮೂಲೆಯಲ್ಲಿ. ಪಕ್ಕದ ಬೆಂಚಿನ ತುಂಬ ಜನ.

ಅವಳು ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. ಗಂಡ ಕುಡಿದು ಬಂದು ಮಾಡುತ್ತಿದ್ದುದನ್ನು, ಮೈಮೇಲೆ ಎಲ್ಲೆಲ್ಲಿ ಸುಟ್ಟಿದ್ದಾನೆ ಎಂಬುದನ್ನು. ನಾನು ಮೈಕಿಗೆ ಒಂದು ವಾಕ್ಯ ಮೆಲ್ಲ ಹೇಳಿದೆ. ಪರದೆಯ ಮೇಲೆ ಏನೇನೋ ಬಂತು. ಒಳಗಿನಿಂದ ವಕೀಲರು, "ಬೇಗ ಮಾಡಿ, ಕೋರ್ಟಿಗೆ ಹೊತ್ತಾತು" ಎಂದು ಕೂಗಿದರು. ಗಟ್ಟಿಯಾಗಿ ಹೇಳಿದೆ.

ಬೆಂಚಿನ ಮೇಲಿನ ಮಾತು ನಿಂತುಹೋಯಿತು. ಅವರಲ್ಲೊಬ್ಬ ಮುದುಕ ತಿರುಗಿ ಅವಳನ್ನೇ ನೋಡಿದ. ಅವಳ ಗಂಡನ ಸೋದರಮಾವನಂತೆ. ಅದು ನನಗೆ ಆಮೇಲೆ ಗೊತ್ತಾದದ್ದು.

"ಎಂತಕ್ಕೆ ಅಕ್ಕಾ ಇಷ್ಟು ಗಟ್ಟಿ ಹೇಳೂದು?" ಎಂದಳು. ಕಣ್ಣಲ್ಲಿ ನೀರಿರಲಿಲ್ಲ, ಮುಖ ಬಿಳುಚಿತ್ತು. "ನಂಗೆ ಎಂತ ಕೇಸೂ ಬ್ಯಾಡ." ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದು ಹೋದಳು. ನಾನು ಕರೆದರೂ ತಿರುಗಲಿಲ್ಲ.

ಸಂಜೆ ವಕೀಲರು, "ನೀವು ಸ್ವಲ್ಪ ಮೆಲ್ಲ ಹೇಳೂಕಾಗಿತ್ತು" ಎಂದರು.

"ಮೆಲ್ಲ ಹೇಳಿದ್ರೆ ಅದಕ್ಕೆ ಕೇಳೂದಿಲ್ಲ ಸರ್. ನಂಗೆ ಕೀಬೋರ್ಡೇ ಕೊಡಿ. ಎಡಗೈಲೇ ಹೊಡೀತೆ."

"ಈ ಕಾಲದಲ್ಲಿ ಯಾರು ಅಷ್ಟು ಹೊತ್ತು ಕಾಯ್ತಾರೆ?" ಎಂದು ನಕ್ಕರು.

ಅಷ್ಟು ವರ್ಷ ಆ ಊರಿನ ಎಷ್ಟು ಮನೆಗಳ ಗುಟ್ಟು ನನ್ನ ಬೆರಳ ತುದಿಯಿಂದ ಕಾಗದಕ್ಕೆ ಇಳಿದಿತ್ತು! ಟಕಟಕ ಸದ್ದಿನ ಹೊರತು ಬೇರೇನೂ ಬೆಂಚಿನವರೆಗೆ ಮುಟ್ಟಿರಲಿಲ್ಲ. ಇದನ್ನು ಅವರಿಗೆ ಹೇಳಿದೆ. ಫೋನು ನೋಡುತ್ತಾ "ಹೌದೌದು" ಎಂದರು.

ತಿಂಗಳು ತುಂಬಿದ ಮೇಲೆ ಕೆಲಸ ಬಿಟ್ಟೆ. ಯಾರೂ ತಡೆಯಲಿಲ್ಲ. ಅವಳು ಮತ್ತೆ ಗಂಡನ ಮನೆಯಲ್ಲೇ ಇದ್ದಾಳೆಂದು ಕೇಳಿದೆ. ಒಮ್ಮೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ಮಾತಾಡಿಸಲು ಹತ್ತಿರ ಹೋದೆ. ನನ್ನನ್ನು ಕಂಡಿದ್ದೇ, ಯಾವ ಊರಿನದೆಂದೂ ನೋಡದೆ, ಹೊರಟಿದ್ದ ಬಸ್ಸೊಂದನ್ನು ಹತ್ತಿಬಿಟ್ಟಳು.